ಗಂಟೆ ಹೊಡೆದ ಮೇಲಿನ ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ.

1935ರಲ್ಲಿ ಮೈಸೂರಿನ ಒಬ್ಬ ಮೇಷ್ಟ್ರು ತಮ್ಮ ಮನೆಯಲ್ಲೇ ಒಂದು ರೇಡಿಯೋ ಕೇಂದ್ರ ಶುರುಮಾಡಿದರು. ಎಂ.ವಿ. ಗೋಪಾಲಸ್ವಾಮಿ ಅಂತ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 'ಆಕಾಶವಾಣಿ' ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ. ದಿನವೆಲ್ಲ ಕ್ಲಾಸಿನಲ್ಲಿ ಮಾತಾಡಿ ಮನೆಗೆ ಬಂದವರಿಗೆ ಇನ್ನಷ್ಟು ಮಾತಾಡೋಣ ಅನ್ನಿಸಿತು ನೋಡಿ. ಮೇಷ್ಟ್ರುಗಳೇ ಹಾಗೆ. ನಾನೂ ಅದೇ ಕಸುಬಿನವನು, ಅದಕ್ಕೇ ಈ ಮೈಕಿನ ಮುಂದೆ ಕೂತಿದ್ದೇನೆ. ಕ್ಲಾಸಿನಲ್ಲಿ ಕೇಳಿದ ಪಾಠ ತಲೆಯಲ್ಲಿ ಉಳಿಯುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ರೇಡಿಯೋದಲ್ಲಿ ಒಂದು ಕಷ್ಟ ಇದೆ. ನನ್ನ ಮಾತು ಅರ್ಥವಾಗದಿದ್ದರೆ ನೀವು ಕೈಯೆತ್ತುವಂತಿಲ್ಲ. ನೀವು ಆಕಳಿಸಿದರೂ ನನಗೆ ಕಾಣುವುದಿಲ್ಲ. ಕ್ಲಾಸಿನಲ್ಲಿ ಎರಡಕ್ಕೂ ಅವಕಾಶ ಉಂಟು. ನಮ್ಮ ಹುಡುಗರು ಆಕಳಿಕೆಯನ್ನು ಮಾತ್ರ ಚೆನ್ನಾಗಿ ಬಳಸಿಕೊಳ್ಳುತ್ತಾರೆ.

ನಾನೇನು ಭಾರೀ ಬುದ್ಧಿವಂತ ವಿದ್ಯಾರ್ಥಿ ಆಗಿರಲಿಲ್ಲ. ಪಿಯುಸಿಯಲ್ಲಿ ಸೈನ್ಸ್ ತಗೊಂಡು ಕೈ ಸುಟ್ಟುಕೊಂಡೆ. ಆಮೇಲೆ ಬಿ.ಎ. ಓದೋಕೆ ಮೈಸೂರಿಗೆ ಬಂದೆ. ಅರ್ಥಶಾಸ್ತ್ರ ಪೂರಾ ಹೊಸದು, ಪಾಠ ಇಂಗ್ಲಿಷಿನಲ್ಲಿ. ಹೆದರಿಕೆಗೆ ನಾನು ಕಂಡುಕೊಂಡ ಮದ್ದು ಒಂದೇ. ಮೇಷ್ಟ್ರ ಬಾಯಿಂದ ಬಿದ್ದದ್ದನ್ನೆಲ್ಲ ಬರೆದುಕೊಳ್ಳುವುದು. ಅವರು ಕೆಮ್ಮಿದರೆ ಅದನ್ನೂ ಬರೆಯುತ್ತಿದ್ದೆನೇನೋ. ಇನ್ನೂರು ಪುಟದ ನೋಟ್‌ಬುಕ್ ಎರಡೇ ತಿಂಗಳಿಗೆ ಮುಗಿಯಿತು. ಕ್ಲಾಸಿಗೆ ಚಕ್ಕರ್ ಹೊಡೆದವರೆಲ್ಲ ಝೆರಾಕ್ಸ್ ಮಾಡಿಸೋಕೆ ನನ್ನ ನೋಟ್ಸನ್ನೇ ಕೇಳುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ.

ಮೊದಲ ಟೆಸ್ಟ್ ಬಂತು. ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಅಂತ ತೋರಿಸುವ ಗೆರೆಗೆ ಬೇಡಿಕೆಯ ರೇಖೆ ಅಂತಾರೆ. ಆ ರೇಖೆಯ ಮೇಲೆ ಚಲಿಸುವುದಕ್ಕೂ ರೇಖೆಯೇ ಜರುಗುವುದಕ್ಕೂ ಏನು ವ್ಯತ್ಯಾಸ ಅಂತ ಪ್ರಶ್ನೆ. ನನ್ನ ನೋಟ್ಸಿನಲ್ಲಿ ಅದಕ್ಕೆ ಎರಡು ಪುಟ ಇತ್ತು. ಎಡಗಡೆ ಪುಟದ ಮೂಲೆಯಲ್ಲಿ ಶಾಯಿ ಚೆಲ್ಲಿತ್ತು, ಅದೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಒಳಗೆ ಏನು ಬರೆದಿದ್ದೆ ಅನ್ನುವುದು ಮಾತ್ರ ಹೊಳೆಯಲೇ ಇಲ್ಲ. 20ಕ್ಕೆ 6 ಬಂತು. ನನ್ನ ನೋಟ್ಸ್ ಝೆರಾಕ್ಸ್ ಮಾಡಿಸಿದವನಿಗೆ 11.

ಮೇಷ್ಟ್ರು ಬೈಯಲಿಲ್ಲ. "ಇವತ್ತು ಸಾಯಂಕಾಲ ನೋಟ್ಸ್ ಮುಚ್ಚಿಡು. ಒಂದು ಖಾಲಿ ಹಾಳೆ ತಗೊಂಡು ಆ ಗೆರೆ ಹಾಕು ನೋಡೋಣ" ಅಂದರು, ಅಷ್ಟೇ.

ಇದೇನು ಮಹಾ ಅಂತ ಹಾಸ್ಟೆಲಿನಲ್ಲಿ ಹಾಳೆ ತಗೊಂಡು ಕೂತೆ. ಎರಡು ಗೀಟು ಎಳೆದೆ, ಒಂದು ನಿಂತದ್ದು, ಒಂದು ಮಲಗಿದ್ದು. ಬೆಲೆ ಯಾವುದರ ಮೇಲೆ ಬರೆಯಬೇಕು? ಗೊತ್ತಿಲ್ಲ. ಗೆರೆ ಮೇಲಿಂದ ಇಳಿಯುತ್ತದೋ, ಕೆಳಗಿನಿಂದ ಏರುತ್ತದೋ? ಅದೂ ಗೊತ್ತಿಲ್ಲ. ಕ್ಲಾಸಿನಲ್ಲಿ ಪಾಠ ಕೇಳುವಾಗ ಎಲ್ಲ ನೀರು ಕುಡಿದಷ್ಟು ಸುಲಭ ಅನ್ನಿಸಿತ್ತು. ತಲೆಯಾಡಿಸಿಕೊಂಡೇ ಬರೆದಿದ್ದೆ.

ಕೊನೆಗೆ ದೇವರಾಜ ಮಾರುಕಟ್ಟೆ ನೆನಪಿಗೆ ಬಂತು. ಸೇವಂತಿಗೆ ಹೂ ಮಾರಿಗೆ ಇಪ್ಪತ್ತು ರೂಪಾಯಿ ಅಂದಾಗ ಅಮ್ಮ ಒಂದು ಮಾರು ತಗೋತಾರೆ. ಹತ್ತಕ್ಕೆ ಇಳಿದರೆ ಎರಡು ಮಾರು. ಹಾಗಾದರೆ ಬೆಲೆಯನ್ನು ನಿಂತ ಗೀಟಿನ ಮೇಲೆ ಇಟ್ಟರೆ ಗೆರೆ ಕೆಳಗೆ ಇಳಿಯಲೇಬೇಕು, ಅಲ್ವಾ? ಬೆಲೆ ಬದಲಾದರೆ ಅಮ್ಮ ಅದೇ ಗೆರೆಯ ಮೇಲೆ ಮೇಲಕ್ಕೋ ಕೆಳಕ್ಕೋ ಓಡಾಡುತ್ತಾರೆ. ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ? ಇಪ್ಪತ್ತು ರೂಪಾಯಿ ಇದ್ದರೂ ನಾಲ್ಕು ಮಾರು ಬೇಕು. ಬೆಲೆ ಅಷ್ಟೇ ಇದೆ, ಬೇಕು ಅನ್ನುವುದು ಜಾಸ್ತಿಯಾಗಿದೆ. ಆಗ ಗೆರೆಯೇ ಬಲಕ್ಕೆ ಜರುಗುತ್ತದೆ. ಇಷ್ಟು ಹೊಳೆಯೋಕೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಹೊಳೆದದ್ದು ಇವತ್ತಿನವರೆಗೂ ಮರೆತಿಲ್ಲ.

ಮರೆವಿನ ಲೆಕ್ಕ ಹಾಕಿದವರೂ ಇದ್ದಾರೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾವೇ ಉರುಹೊಡೆದು, ಎಷ್ಟು ಬೇಗ ಮರೆಯುತ್ತವೆ ಅಂತ ಅಳೆದರು. ಅದನ್ನು ಪ್ರಕಟಿಸಿದ್ದು 1885ರಲ್ಲಿ. ಒಂದು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಮರುದಿನಕ್ಕೆ ಮೂರರಲ್ಲಿ ಎರಡು ಪಾಲು ಮಾಯ. ಕ್ಲಾಸಿನ ಪಾಠ ಅರ್ಥವಿಲ್ಲದ ಅಕ್ಷರಗಳಲ್ಲ, ಒಪ್ಪುತ್ತೇನೆ. ಆದರೆ ಮಧ್ಯಾಹ್ನ ಮುದ್ದೆ ಊಟ ಮಾಡಿ ಎರಡೂವರೆ ಕ್ಲಾಸಿಗೆ ಕೂತವರನ್ನು ಕೇಳಿ ನೋಡಿ, ದೊಡ್ಡ ವ್ಯತ್ಯಾಸ ಏನಿಲ್ಲ ಅಂತಾರೆ.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಇಷ್ಟ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು 2006ರಲ್ಲಿ ಪ್ರಕಟಿಸಿದ್ದು. ಕಾಲೇಜು ಹುಡುಗರಿಗೆ ಒಂದು ಪಾಠ ಓದೋಕೆ ಕೊಟ್ಟರು. ಕೆಲವರು ಅದನ್ನೇ ಇನ್ನೊಮ್ಮೆ ಓದಿದರು. ಉಳಿದವರು ಪಾಠ ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ, ನೂರಕ್ಕೆ 81. ಬರೆದವರು 75. ಒಂದು ವಾರ ಬಿಟ್ಟು ಕೇಳಿದಾಗ ಆಟ ತಿರುಗಿಬಿಟ್ಟಿತ್ತು. ಓದಿದವರು 42, ಬರೆದವರು 56. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ತಿರುವಿಹಾಕುವಾಗ "ಎಲ್ಲ ಗೊತ್ತಿದೆ" ಅನ್ನಿಸುತ್ತದಲ್ಲ, ಅದು ಆ 81ರ ಮೋಸ.

ಸಾಯಂಕಾಲ ಖಾಲಿ ಹಾಳೆಯ ಮುಂದೆ ಕೂರಲೇಬೇಕು ಅಂತಾದ ಮೇಲೆ ನಾನು ಕ್ಲಾಸಿನಲ್ಲಿ ಕೇಳುವ ರೀತಿಯೇ ಬದಲಾಯಿತು. ಪೆನ್ನು ಜಾಸ್ತಿ ಹೊತ್ತು ಕೆಳಗಿರುತ್ತಿತ್ತು. ಮೇಷ್ಟ್ರು ಎಲ್ಲಿ ನಿಧಾನ ಮಾಡುತ್ತಾರೆ, ಯಾವ ಮಾತನ್ನು ಎರಡು ಸಲ ಹೇಳುತ್ತಾರೆ, ಯಾವಾಗ ಹುಡುಗರ ಮುಖ ನೋಡಿ "ಅರ್ಥ ಆಯ್ತಾ?" ಅಂತಾರೆ, ಅಲ್ಲಿ ಮಾತ್ರ ಬರೆಯುತ್ತಿದ್ದೆ. ಗೊತ್ತಿಲ್ಲದ ಇಂಗ್ಲಿಷ್ ಪದ ಬಂದರೆ ಸ್ಪೆಲಿಂಗಿಗೆ ತಡಕಾಡುತ್ತಿರಲಿಲ್ಲ. ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲೇ 'ಎಲಾಸ್ಟಿಸಿಟಿ' ಅಂತ ಗೀಚಿ ಮುಂದಕ್ಕೆ ಹೋಗುವುದು. ಡಿಕ್ಷನರಿ ಎಲ್ಲಿಗೂ ಓಡಿಹೋಗುವುದಿಲ್ಲ, ಪಾಠ ಓಡಿಹೋಗುತ್ತದೆ. ಕನ್ನಡ ಮೀಡಿಯಂನಿಂದ ಬಂದ ನನ್ನ ಹುಡುಗರಿಗೆ ಇದನ್ನು ಮೊದಲ ದಿನವೇ ಹೇಳುತ್ತೇನೆ. ನಾಚಿಕೆ ಪಟ್ಟುಕೊಂಡು ಅರ್ಧ ಜನ ಕೇಳುವುದಿಲ್ಲ.

ತಪ್ಪಿಹೋದ ಮಾತಿಗೆ ಎರಡು ಸಾಲು ಖಾಲಿ ಬಿಡಿ. ಪಕ್ಕದವನ ನೋಟ್ಸಿಗೆ ಆಗಲೇ ಇಣುಕಬೇಡಿ. ಇಣುಕಿದರೆ ಮುಂದಿನ ಮಾತೂ ಹೋಯಿತು.

ಈಗ ಬೋರ್ಡಿನ ಫೋಟೋ ತೆಗೆಯುವ ಕಾಲ. ತೆಗೆಯಿರಿ, ನನ್ನ ತಕರಾರಿಲ್ಲ. ಆದರೆ ಮೊಬೈಲಿನಲ್ಲಿ ಆ ಫೋಟೋ ತಂಗಿಯ ನಾಮಕರಣಕ್ಕೂ ಕಾಲೇಜ್ ಡೇ ಡ್ಯಾನ್ಸಿಗೂ ನಡುವೆ ಸಿಕ್ಕಿಹಾಕಿಕೊಂಡಿರುತ್ತದೆ. ಅದನ್ನು ಮತ್ತೆ ತೆಗೆದು ನೋಡಿದವರನ್ನು ನಾನಂತೂ ಜಾಸ್ತಿ ಕಂಡಿಲ್ಲ.

ಕೆಲವು ಮೇಷ್ಟ್ರುಗಳು ಸ್ಲೈಡ್ ಹಾಕಿ ಅದನ್ನೇ ಓದುತ್ತಾರೆ. ನಮ್ಮ ಕಾಲದಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ನೋಟ್ಸ್ ಓದುತ್ತಿದ್ದರು. ಅಂಥ ಕ್ಲಾಸಿನಿಂದ ಏನು ಪಡೆಯುವುದು ಅಂತ ಕೇಳುತ್ತೀರಿ. ನಿಜ ಹೇಳಬೇಕೆಂದರೆ, ಕೆಲವುಸಲ ಹಾಜರಿ ಮಾತ್ರ. ಹೇಗೂ ನೂರಕ್ಕೆ 75 ಹಾಜರಿ ಬೇಕು, ಕೂರಲೇಬೇಕು. ಹಿಂದಿನ ರಾತ್ರಿ ಆ ಅಧ್ಯಾಯ ಹತ್ತು ನಿಮಿಷ ಓದಿಕೊಂಡು ಹೋಗಿ, ಅವರು ಓದುವುದನ್ನು ಪುಸ್ತಕದ ಜೊತೆ ಹೋಲಿಸುತ್ತಾ ಕೂರಿ. ನಿದ್ದೆಯಾದರೂ ಬರುವುದಿಲ್ಲ.

ಪ್ರಶ್ನೆ ಕೇಳುವುದರ ಬಗ್ಗೆ ಒಂದು ಮಾತು. ಎಲ್ಲರೆದುರು ಕೈಯೆತ್ತೋಕೆ ಭಯ ಇದ್ದರೆ ಬಿಡಿ. ಗಂಟೆ ಹೊಡೆದ ಮೇಲೆ ಮೇಷ್ಟ್ರು ಡಸ್ಟರು, ಹಾಜರಿ ಪುಸ್ತಕ ಎತ್ತಿಕೊಳ್ಳೋಕೆ ಎರಡು ನಿಮಿಷ ಬೇಕು. ಆಗ ಟೇಬಲಿನ ಹತ್ತಿರ ಹೋಗಿ. "ಸರ್, ಏನೂ ಅರ್ಥ ಆಗಲಿಲ್ಲ" ಅನ್ನಬೇಡಿ. ಎಲ್ಲಿಂದ ಶುರುಮಾಡಬೇಕು ಅಂತ ನಮಗೇ ಗೊತ್ತಾಗುವುದಿಲ್ಲ. "ಮೇಡಂ, ಇಲ್ಲಿವರೆಗೂ ಗೊತ್ತಾಯ್ತು, ಈ ಸಾಲಿನಿಂದ ಕೈತಪ್ಪಿತು" ಅಂತ ಬೆರಳಿಟ್ಟು ತೋರಿಸಿ. ನಿಂತಲ್ಲೇ ಹೇಳಿಕೊಡುತ್ತಾರೆ.

ಆ ಸಾಯಂಕಾಲಕ್ಕೆ ವಾಪಸ್ ಬರುತ್ತೇನೆ. ಗೆರೆ ಹೊಳೆದ ಖುಷಿಗೆ ರೂಮಿನ ಗೆಳೆಯನನ್ನು ಹಿಡಿದು ಕೂರಿಸಿಕೊಂಡೆ. ಅವನು ಬಿ.ಎಸ್ಸಿ., ಹಾಸನದ ಕಡೆಯ ರೈತರ ಮನೆ ಹುಡುಗ. ಸೇವಂತಿಗೆ, ಹಬ್ಬ, ಅಮ್ಮ, ಎಲ್ಲ ಹೇಳಿದೆ. ಸುಮ್ನೆ ಕೇಳಿಸಿಕೊಂಡ. ಆಮೇಲೆ, "ಸರಿ ಕಣೋ. ಹಬ್ಬದ ಹಿಂದಿನ ದಿನ ಮಳೆ ಹೊಡೆದು ತೋಟದಲ್ಲಿ ಹೂವೆಲ್ಲ ಕೊಳೆತುಹೋಯ್ತು ಅಂತಿಟ್ಟುಕೋ. ಆಗ ನಿನ್ನ ಗೆರೆ ಎಲ್ಲಿಗೆ ಹೋಗತ್ತೆ?" ಅಂದ.

ನಾನು ಹಾಳೆ ನೋಡಿದೆ. ಬೇಕು ಅನ್ನುವವರು ಅಷ್ಟೇ ಇದ್ದಾರೆ. ಹೂವೇ ಇಲ್ಲ. ಗೆರೆಯನ್ನು ಎಡಕ್ಕೆ ಎಳೆದೆ, ಅಳಿಸಿದೆ. ಬಲಕ್ಕೆ ಎಳೆದೆ, ಅದನ್ನೂ ಅಳಿಸಿದೆ. ಹಾಳೆ ತೂತಾಯಿತು.

ಬೆಳಗ್ಗೆ ಕ್ಲಾಸಿಗೆ ಮುಂಚೆಯೇ ಮೇಷ್ಟ್ರ ಟೇಬಲಿನ ಮುಂದೆ ನಿಂತೆ. ತೂತು ಬಿದ್ದ ಹಾಳೆ ನೋಡಿ ನಕ್ಕರು. "ಆ ಗೆರೆ ನಾನಿನ್ನೂ ಹಾಕೇ ಇಲ್ವಲ್ಲಯ್ಯ" ಅಂದವರೇ ಬೋರ್ಡಿನ ಕಡೆ ತಿರುಗಿ, 'ಪೂರೈಕೆ' ಅಂತ ಬರೆದರು.

ನಮಸ್ಕಾರ.