ವೃದ್ಧಾಶ್ರಮದಲ್ಲಿ ಒಬ್ಬೊಬ್ಬರಿಗೂ ಒಂದು ಕೋಣೆ ಬೇಕು

ಅಪ್ಪನನ್ನೋ ಅಮ್ಮನನ್ನೋ ವೃದ್ಧಾಶ್ರಮಕ್ಕೆ ಸೇರಿಸೋ ಮುಂಚೆ ನಾವು ಕೇಳೋ ಪ್ರಶ್ನೆಗಳು ಸಾಮಾನ್ಯವಾಗಿ ಇಷ್ಟೇ. ಊಟ ಹೇಗಿದೆ, ಡಾಕ್ಟರ್ ಬರ್ತಾರಾ, ತಿಂಗಳಿಗೆ ಎಷ್ಟು. ಇವತ್ತು ನಾನು ಯಾರೂ ಕೇಳದ ಒಂದು ಪ್ರಶ್ನೆ ಕೇಳ್ತೀನಿ. ಅಲ್ಲಿರೋ ಅಜ್ಜಿ ಸೀರೆ ಬದಲಾಯಿಸೋದು ಎಲ್ಲಿ?

ಡಾರ್ಮಿಟರಿ ಅಂದ್ರೆ ಒಂದು ಉದ್ದನೆ ಹಾಲು. ಎರಡೂ ಬದಿ ಕಬ್ಬಿಣದ ಮಂಚ, ಮಂಚದ ಕೆಳಗೆ ಟ್ರಂಕು, ಅದರ ಬೀಗದ ಕೈ ಸೆರಗಿನ ತುದಿಯಲ್ಲಿ ಗಂಟು. ಬೆಳಗ್ಗೆ ತಿಂಡಿ ಹೊತ್ತಿಗೆ ಒಂದು ಮಂಚದಲ್ಲಿ ಆಯಾ ಒಬ್ಬ ಅಜ್ಜಿಯ ಡೈಪರ್ ಬದಲಾಯಿಸ್ತಿರ್ತಾರೆ. ಮೂರಡಿ ಆಚೆ ಇನ್ನೊಬ್ಬರು ಉಪ್ಪಿಟ್ಟಿನ ತಟ್ಟೆ ಹಿಡಿದು ಗೋಡೆ ಕಡೆ ತಿರುಗಿ ಕೂತಿರ್ತಾರೆ. ಹಾಗೆ ತಿರುಗಿ ಕೂರೋದು ಆ ಅಜ್ಜಿಗೆ ಅವರು ಕೊಡೋ ಮರ್ಯಾದೆ. ಆ ಹಾಲ್‌ನಲ್ಲಿ ಬೇರೆ ಮರೆ ಇಲ್ಲ.

ಮಗನ ಫೋನು ಬಂದ್ರೆ ಮಾತೆಲ್ಲ ಎಲ್ಲರ ಕಿವಿಗೂ ಬೀಳುತ್ತೆ. ಫೋನಿಟ್ಟ ಮೇಲೆ ಅಳು ಬಂದ್ರೆ ಹೊದಿಕೆ ಎಳ್ಕೋಬೇಕು. ಇನ್ನು ಭಾನುವಾರ ಹುಟ್ಟುಹಬ್ಬಕ್ಕೆ ಅನ್ನದಾನ ಮಾಡೋಕೆ ಬಂದವರು ಮೊಬೈಲ್ ಹಿಡ್ಕೊಂಡು ನೇರ ಮಂಚದ ಹತ್ರಾನೇ ಬರ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದ್ರೆ ಯಾರ ಮಲಗೋ ಕೋಣೆಗೂ ನಾವು ಹೀಗೆ ಕೇಳದೆ ನುಗ್ಗಲ್ಲ, ಅಲ್ವಾ?

"ನಮ್ಮೋರಿಗೆ ಒಂಟಿ ರೂಮು ಒಗ್ಗಲ್ಲ, ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿದವರು" ಅಂತ ಹೇಳೋರಿದ್ದಾರೆ. ಅದರಲ್ಲಿ ನಿಜ ಇದೆ. ಎಷ್ಟೋ ಹೆಂಗಸರಿಗೆ ಜೀವಮಾನದಲ್ಲಿ ತಮ್ಮದು ಅಂತ ಒಂದು ಕೋಣೆ ಇರಲಿಲ್ಲ. ಆದ್ರೆ ನಡುಮನೆಯಲ್ಲಿ ಪಕ್ಕದಲ್ಲಿ ಮಲಗ್ತಿದ್ದವರು ಅತ್ತೆ, ನಾದಿನಿ, ಮೊಮ್ಮಕ್ಕಳು. ಇಲ್ಲಿ ಪಕ್ಕದ ಮಂಚಕ್ಕೆ ಯಾರು ಅನ್ನೋದನ್ನ ಆಫೀಸು ತೀರ್ಮಾನಿಸುತ್ತೆ. ಮರೆವಿನ ಕಾಯಿಲೆ ಇರೋ ಒಬ್ಬರು ರಾತ್ರಿ ಎರಡು ಗಂಟೆಗೆ ಮಗಳ ಹೆಸರು ಹಿಡಿದು ಕೂಗಿದ್ರೆ ಇಡೀ ಹಾಲು ಎದ್ದು ಕೂರುತ್ತೆ. ಕೂಗಿದವರದ್ದೂ ತಪ್ಪಲ್ಲ, ನಿದ್ದೆ ಕೆಟ್ಟವರದ್ದೂ ತಪ್ಪಲ್ಲ. ಗಂಡ ಹೆಂಡತಿಯೋ, ಅಕ್ಕ ತಂಗಿಯೋ, ಜೊತೆಗಿರ್ತೀವಿ ಅಂತ ಅವರಾಗೇ ಕೇಳಿದ್ರೆ ಖಂಡಿತ ಜೊತೆಗಿಡಿ.

ಜಾಗ ಎಲ್ಲಿದೆ ಅಂತೀರಾ? 2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಅನ್ನುತ್ತೆ. ಆ ಕಾಯ್ದೆಯಡಿ ಕೇಂದ್ರ ಸಿದ್ಧಮಾಡಿದ ಮಾದರಿ ನಿಯಮಗಳಲ್ಲಿ ಮಲಗೋ ಜಾಗ ತಲೆಗೆ 7.5 ಚದರ ಮೀಟರ್ ಇರಬೇಕು ಅಂತಿದೆ. ಅಂದ್ರೆ ಎಂಟಡಿಗೆ ಹತ್ತಡಿ. ಒಂದು ಮಂಚ, ಒಂದು ಸಣ್ಣ ಬೀರು, ಒಂದು ಕುರ್ಚಿ, ಗೋಡೆಗೊಂದು ದೇವರ ಪಟ ಹಿಡಿಸುತ್ತೆ. ವ್ಹೀಲ್‌ಚೇರ್ ಇದ್ದವರಿಗೆ ಇನ್ನಷ್ಟು ಬೇಕು, ಅದು ತಿರುಗೋಕೇ ಐದಡಿ ಬೇಕಲ್ಲ. ಆದ್ರೂ ಜಾಗದ ಲೆಕ್ಕ ಆಗಲೇ ನಿಯಮದಲ್ಲಿದೆ. ಗೋಡೆ ಎಬ್ಬಿಸಿ ಬಾಗಿಲು ಇಡಿ ಅಂತ ಮಾತ್ರ ಅದು ಹೇಳಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ರು. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಒಬ್ಬ ಹಿರಿಯರು ಇಡೀ ದೇಶಕ್ಕೆ ಗಳಿಸಿಕೊಟ್ಟ ಹಕ್ಕು ಇದು. ಹಿರಿಯರು ಮಲಗೋ ಜಾಗಕ್ಕೇ ಅದು ಬಂದಿಲ್ಲ ಅನ್ನೋದು ನನಗೆ ತುಂಬಾ ನೋವಿನ ಸಂಗತಿ.

ಇದು ಮರ್ಯಾದೆಯ ಜೊತೆಗೆ ಜೀವದ ಪ್ರಶ್ನೆಯೂ ಹೌದು. ಕೆನಡಾದ ಒಂಟಾರಿಯೊದಲ್ಲಿ ಕೋವಿಡ್ ಮೊದಲ ಅಲೆಯಲ್ಲಿ 618 ನರ್ಸಿಂಗ್ ಹೋಮ್‌ಗಳನ್ನ ಅಧ್ಯಯನ ಮಾಡಿದ್ರು. ರೂಮಿಗೂ ಬಚ್ಚಲಿಗೂ ಹೆಚ್ಚು ಜನ ಇದ್ದ ಕಡೆ ತೀರಿಕೊಂಡವರು ಶೇಕಡ 2.7, ಕಡಿಮೆ ಜನ ಇದ್ದ ಕಡೆ ಶೇಕಡ 1.3. ಸೋಂಕು ಎರಡೂ ಕಡೆ ಒಂದೇ ರೀತಿ ಒಳಗೆ ಬಂದಿತ್ತು. ಕಿಕ್ಕಿರಿದ ಕಡೆ ಅದು ಹಬ್ಬಿದ್ದು ಹೆಚ್ಚು.

"ರೂಮಲ್ಲಿ ಒಬ್ಬರೇ ಬಿದ್ರೆ ಯಾರಿಗೆ ಗೊತ್ತಾಗುತ್ತೆ?" ಇದು ನಿಜವಾದ ಭಯ, ತಳ್ಳಿಹಾಕೋ ಹಾಗಿಲ್ಲ. ಅದಕ್ಕೆ ಉಪಾಯ ಕಟ್ಟಡದಲ್ಲೇ ಇದೆ. ಬಾಗಿಲು ಹೊರಕ್ಕೆ ತೆರೆಯೋ ಹಾಗಿರಬೇಕು, ಇಲ್ಲಾಂದ್ರೆ ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಆಗುತ್ತೆ. ಚಿಲಕ ತುರ್ತಿಗೆ ಹೊರಗಿಂದಲೂ ತೆಗೆಯೋ ಥರದ್ದಿರಲಿ. ಬೆಲ್ಲು ಮಂಚದ ಪಕ್ಕ ಒಂದು, ಬಚ್ಚಲಲ್ಲಿ ನೆಲದಿಂದ ಕೈಗೆಟುಕೋ ಎತ್ತರದಲ್ಲಿ ಒಂದು. ಜಪಾನ್ ಸುಮಾರು 2002ರಿಂದ ಹೊಸ ಮಾದರಿಯ ಆರೈಕೆ ಮನೆಗಳಲ್ಲಿ ಹತ್ತು ಜನರ ಆಸುಪಾಸಿನ ಗುಂಪು ಮಾಡಿ, ಒಬ್ಬೊಬ್ಬರಿಗೆ ಒಂದು ಕೋಣೆ, ನಡುವೆ ಎಲ್ಲರಿಗೂ ಒಂದು ಹಜಾರ ಕೊಟ್ಟಿದೆ. ನಮ್ಮ ತೊಟ್ಟಿ ಮನೆ ನೋಡಿದವರಿಗೆ ಇದು ಹೊಸದೇನಲ್ಲ. ಸುತ್ತ ಕೋಣೆ, ನಡುವೆ ತೊಟ್ಟಿ. ಮಾತಾಡ್ಬೇಕು ಅನ್ನಿಸಿದ್ರೆ ಹೊರಗೆ ಬನ್ನಿ, ಸಾಕು ಅನ್ನಿಸಿದ್ರೆ ಒಳಗೆ ಹೋಗಿ.

ದುಡ್ಡು ಹೆಚ್ಚಾಗುತ್ತೆ, ಒಪ್ಪಿದೆ. ನಾಳೆಯೇ ಎಲ್ಲ ಹಾಲುಗಳನ್ನೂ ಒಡೀರಿ ಅಂತ ನಾನು ಹೇಳ್ತಿಲ್ಲ. ಇನ್ಮುಂದೆ ಸರ್ಕಾರದ ದುಡ್ಡಲ್ಲಿ ಕಟ್ಟೋ ಯಾವ ವೃದ್ಧಾಶ್ರಮದಲ್ಲೂ ಡಾರ್ಮಿಟರಿಗೆ ಮಂಜೂರಾತಿ ಬೇಡ. ಇರೋ ಹಾಲುಗಳಿಗೆ ಈ ವರ್ಷ ಮಂಚದ ಸುತ್ತ ಪರದೆ, ಮುಂದಿನ ವರ್ಷದಿಂದ ಒಂದೊಂದೇ ಗೋಡೆ. ವರ್ಷಾವರ್ಷ ಊಟ ಹಾಕಿಸೋ ದಾನಿಗಳೇ, ಈ ಸಲ ಟ್ರಸ್ಟಿನವರನ್ನ ಕೇಳಿ: ಒಂದು ಕೋಣೆಗೆ ಗೋಡೆ, ಬಾಗಿಲು ಸೇರಿ ಎಷ್ಟಾಗುತ್ತೆ, ನಾವು ನಾಲ್ಕು ಮನೆಯವರು ಸೇರಿ ಕೊಡಬಹುದಾ?