ಹೊಸ ಕೆನೂ ಹತ್ತೋ ಮೊದಲು ಅದರ ತಳ ಮುಟ್ಟಿ ನೋಡಿ

ದಡದ ಮೇಲೆ ಬೋರಲು ಹಾಕಿರೋ ಈ ಕೆನೂ ನೋಡಿ, ಅಂದ್ರೆ ಹುಟ್ಟು ಹಾಕಿ ನಡೆಸೋ ಕಿರಿದಾದ ತೆರೆದ ದೋಣಿ. ಉದ್ದ 16 ಅಡಿ, ನಡುವೆ ಅಗಲ ಸುಮಾರು 35 ಇಂಚು. ನೀರಿಗೆ ಇಳಿಸೋ ಮೊದಲು ತಳದ ಮೇಲೆ ಅಡ್ಡಡ್ಡ ಕೈಯಾಡಿಸಿ. ಚಪ್ಪಟೆ ಇದೆಯಾ, ಸ್ವಲ್ಪ ಉಬ್ಬಿದೆಯಾ? ಹತ್ತಿದ ಮೇಲೆ ದೋಣಿ ಹೇಗೆ ಆಡುತ್ತೆ ಅನ್ನೋದು ಬಹುಪಾಲು ಇಲ್ಲೇ ಗೊತ್ತಾಗುತ್ತೆ.

ಚಪ್ಪಟೆ ತಳದ್ದು ನಿಂತ ನೀರಲ್ಲಿ ಜಗಲಿ ಇದ್ದ ಹಾಗೆ. ಆದರೆ ಒಂದು ಮಿತಿ ದಾಟಿತು ಅಂದ್ರೆ ಸುಳಿವೇ ಕೊಡದೆ ಮಗುಚುತ್ತೆ. ಪಕ್ಕದಿಂದ ಅಲೆ ಬಂದರೆ ಅದರ ಇಳಿಜಾರಿಗೆ ತಕ್ಕಂತೆ ತಾನೂ ವಾಲುತ್ತೆ. ಉಬ್ಬಿದ ತಳದ್ದು ಕೂತ ತಕ್ಷಣ ತೊಟ್ಟಿಲಿನ ಹಾಗೆ ತೂಗುತ್ತೆ. ಆದರೆ ವಾಲಿದಷ್ಟೂ ಅದರ ಪಕ್ಕೆ ನೀರಿಗಿಳಿಯುತ್ತೆ, ಆ ಕಡೆ ನೀರಿನ ಒತ್ತು ಹೆಚ್ಚುತ್ತೆ, ಒಂದು ಹಂತದಲ್ಲಿ ದೋಣಿ ಬಿಗಿಯಾಗಿ ನಿಲ್ಲುತ್ತೆ. ಆ ಹಂತವನ್ನು ಸೊಂಟದಲ್ಲಿ ಗುರುತಿಸೋದೇ ಇವತ್ತಿನ ಕೆಲಸ. ನಮ್ಮನ್ನ ಕೇಳಿದ್ರೆ ಕಲಿಯೋರಿಗೂ ಉಬ್ಬಿದ ತಳವೇ ಲೇಸು, ಮಗುಚೋ ಮೊದಲು ಅದು ಎಚ್ಚರಿಸುತ್ತೆ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿ ರೂಢಿ ಇರೋರಿಗೆ ಈ ತೂಗಾಟ ಹೊಸದು. ಹರಿಗೋಲು ಅಗಲವಾದ ಬುಟ್ಟಿ, ಅದು ತೂಗೋದಕ್ಕಿಂತ ಗಿರಗಿರ ತಿರುಗೋದೇ ಹೆಚ್ಚು.

ಅಭ್ಯಾಸಕ್ಕೆ ಸೊಂಟದ ಮಟ್ಟದ, ಬಂಡೆ ಇಲ್ಲದ, ಹರಿವಿಲ್ಲದ ನೀರು ಬೇಕು. ಲೈಫ್ ಜಾಕೆಟ್‌ನ ಬಕಲ್ ಬಿಗಿಯಾಗಿರಲಿ, ಜೊತೆಗೊಬ್ಬರು ಇರಲಿ.

ಹತ್ತುವಾಗ ದೋಣಿ ಪೂರ್ತಿ ತೇಲ್ತಿರಬೇಕು. ಒಂದು ತುದಿ ದಡಕ್ಕೆ ತಾಗಿದ್ದರೆ, ಆ ಮೊನಚು ತುದಿಯ ಮೇಲೇ ಇಡೀ ದೋಣಿ ಉರುಳಾಡುತ್ತೆ. ಬಹಳ ಜನ ಬೀಳೋದು ಇಲ್ಲೇ. ಎರಡೂ ಮೇಲಂಚು ಹಿಡಿದು, ಬಗ್ಗಿ, ಕಾಲನ್ನು ನಟ್ಟನಡುವೆ ಇಡಿ.

ಸೀಟಿನ ಮೇಲೆ ಈಗಲೇ ಕೂರಬೇಡಿ. ಮಂಡಿಯೂರಿ, ಮಂಡಿಗಳನ್ನು ಅಗಲಿಸಿ ಎರಡೂ ಪಕ್ಕೆಗೆ ಒತ್ತಿ, ಹಿಂಭಾಗವನ್ನು ಸೀಟಿನ ಮುಂದಿನ ಅಂಚಿಗೆ ಆನಿಸಿ. ಭಾರ ಕೆಳಗಿಳಿಯುತ್ತೆ, ದೋಣಿಯ ಪ್ರತಿ ಕದಲಿಕೆಯೂ ಮಂಡಿಗೆ ತಿಳಿಯುತ್ತೆ. ಈಗ ಬಲ ಮಂಡಿ ಒತ್ತಿ, ಆಮೇಲೆ ಎಡ ಮಂಡಿ. ದೋಣಿ ವಾಲಲಿ, ಸೊಂಟ ಅದರ ಜೊತೆ ಹೋಗಲಿ, ತಲೆ ಮಾತ್ರ ನಡುವೆಯೇ ಇರಲಿ. ಒಂದೊಂದು ಕಡೆಗೂ ಇಪ್ಪತ್ತು ಸಲ ಮಾಡಿ, ಸಲಸಲಕ್ಕೂ ಸ್ವಲ್ಪ ಹೆಚ್ಚು ವಾಲಿಸಿ. ಕಣ್ಣು ಆಚೆ ದಡದ ಮೇಲಿರಲಿ. ಕಾಲ ಬುಡದ ನೀರು ನೋಡ್ತಾ ಕೂತರೆ ಮೈ ಸೆಟೆದುಕೊಳ್ಳುತ್ತೆ.

ಹೆದರಿದಾಗ ಕೈ ತಾನಾಗಿ ಮೇಲಂಚಿಗೆ ಹೋಗುತ್ತೆ. ಅದನ್ನ ಬಿಗಿಯಾಗಿ ಹಿಡಿದರೆ ಮೈಯೂ ದೋಣಿಯೂ ಒಂದೇ ತುಂಡಾಗಿ, ದೋಣಿ ವಾಲಿದ ಕಡೆಗೇ ತಲೆಯೂ ಹೋಗುತ್ತೆ. ಕೈ ಹುಟ್ಟಿನ ಮೇಲೆ, ಹುಟ್ಟು ನೀರಲ್ಲಿ ಇರಬೇಕು. ಬಲಕ್ಕೆ ಜಾರ್ತಿದ್ದೀರಿ ಅಂದ್ರೆ ಹುಟ್ಟಿನ ಅಲಗನ್ನು ಬಲಕ್ಕೆ ಚಾಚಿ, ನೀರಿನ ಮೇಲೆ ಮಟ್ಟಸವಾಗಿ ಮಲಗಿಸಿ, ಎರಡೂ ಕೈಗಳ ಗೆಣ್ಣು ಕೆಳಗೆ ಮಾಡಿ ಫಟ್ ಅಂತ ಒತ್ತಿ. ಆಸರೆ ಸಿಗೋದು ಒಂದೇ ಕ್ಷಣ. ಅಷ್ಟರಲ್ಲಿ ಎಡ ಮಂಡಿಗೆ ಭಾರ ಕೊಡಿ. ತಲೆ ಎಲ್ಲಕ್ಕಿಂತ ಕೊನೆಗೆ ಏಳಲಿ, ಮೊದಲು ಎತ್ತಿದರೆ ದೋಣಿ ಮತ್ತೆ ಬಲಕ್ಕೇ ಮುಳುಗುತ್ತೆ.

ಒಬ್ಬರೇ ಇದ್ದಾಗ ಹಿಂದಿನ ಸೀಟಿನಲ್ಲಿ ಕೂತರೆ ಮೂತಿ ಮೇಲೆದ್ದು, ಕಿರಿದಾದ ಹಿಂಭಾಗವೊಂದೇ ಭಾರ ಹೊರುತ್ತೆ. ಇದೇ ದೋಣಿ ಇನ್ನಷ್ಟು ತೂಗುತ್ತೆ, ಗಾಳಿಗೂ ತಿರುಗುತ್ತೆ. ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತು, ಆ ದಿಕ್ಕನ್ನೇ ಮೂತಿ ಮಾಡಿಕೊಳ್ಳಿ. ಆಗಲೂ ಮೂತಿ ಹಗುರ ಅನ್ನಿಸಿದರೆ 20 ಲೀಟರ್ ನೀರಿನ ಕ್ಯಾನ್ ಒಂದನ್ನು ಎದುರಿಗೆ ನಡುತಳದಲ್ಲಿ ಕಟ್ಟಿ. ಕ್ಯಾನ್ ತುಂಬಿ ಮುಚ್ಚಳ ಬಿಗಿದಿರಬೇಕು. ಅರೆ ತುಂಬಿದ್ದರೆ ಒಳಗಿನ ನೀರು ವಾಲಿದ ಕಡೆಗೇ ಹರಿದು ಇನ್ನಷ್ಟು ಎಳೆಯುತ್ತೆ. ದೋಣಿಯೊಳಗೆ ಸೇರಿದ ನೀರೂ ಇದನ್ನೇ ಮಾಡೋದು. ಮಗ್ಗು ಒಂದನ್ನ ದಾರದಿಂದ ಸೀಟಿಗೆ ಕಟ್ಟಿಟ್ಟು, ಆಗಾಗ ಎತ್ತಿ ಚೆಲ್ಲಿ.

ಕೊನೆಗೆ ಬೇಕಂತಲೇ ಮಗುಚಿ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಆಮೇಲೆ ನೀರು ಚೆಲ್ಲಿ, ಸೀಟಿನ ಮೇಲೆ ಕೂತು, ಅದೇ ಇಪ್ಪತ್ತು ಸಲದ ತೂಗಾಟ ಮತ್ತೆ ಶುರು ಮಾಡಿ. ಈಗ ಭಾರ ಮೇಲಿದೆ, ಹಾಗಾಗಿ ದೋಣಿ ಬಿಗಿಯಾಗೋ ಹಂತ ಬೇರೆ ಕಡೆ ಸಿಗುತ್ತೆ.