ಮೊದಲ ಚಾರ್ಜ್‌ನಲ್ಲಿ ಹುಟ್ಟುವ ಪದರ

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದವರು ಲಿಥಿಯಂ ಬ್ಯಾಟರಿಯ ಧನ ತುದಿಗೆ ಹೊಸ ಕ್ಯಾಥೋಡ್, ಋಣ ತುದಿಗೆ ಹೊಸ ಆನೋಡ್, ಐದು ನಿಮಿಷದ ಚಾರ್ಜಿಂಗ್ ಅಂತ ಬಹಳ ಹೇಳಿದರು. ಚಪ್ಪಾಳೆಯೂ ಜೋರಾಗಿ ಬಿತ್ತು. ಆದರೆ ಅಷ್ಟು ಹೊತ್ತಿನಲ್ಲಿ ಎಸ್‌ಇಐ ಪದರದ, ಅಂದರೆ ಮೊದಲ ಚಾರ್ಜ್‌ನಲ್ಲಿ ಲಿಥಿಯಂ ತಿಂದು ಆನೋಡ್ ಮೇಲೆ ಕೂರುವ ತೆಳು ಪೊರೆಯ, ಹೆಸರು ಬಂದದ್ದು ಒಂದೇ ಸಲ, ಅದೂ 'ನಷ್ಟಗಳು' ಅನ್ನುವ ಸ್ಲೈಡಿನ ಮೂಲೆಯಲ್ಲಿ. ಹಾಗಾಗಿ ನಾನು ತಯಾರಿ ಮಾಡಿಕೊಂಡಿದ್ದ ಅರ್ಧ ಭಾಗ ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತೇನೆ. ನಷ್ಟ ಅನ್ನೋದು ನಿಜ. ಆದರೆ ಆ ನಷ್ಟ ಆಗದಿದ್ದರೆ ಗ್ರಾಫೈಟ್ ಆನೋಡ್ ಇರುವ ಬ್ಯಾಟರಿಯೇ ಇರುತ್ತಿರಲಿಲ್ಲ.

ಮೂಲಪಾಠ ನಿಮಗೆ ಬೇಕಿಲ್ಲ, ಎರಡು ಅಂಕಿ ಮಾತ್ರ ನೆನಪಿಸುತ್ತೇನೆ. ಲಿಥಿಯಂ ಲೋಹಕ್ಕೆ ಹೋಲಿಸಿದರೆ ಗ್ರಾಫೈಟ್‌ನೊಳಗೆ ಲಿಥಿಯಂ ಹೋಗಿ ಕೂರುವುದು ಸುಮಾರು 0.1 ವೋಲ್ಟ್‌ನಲ್ಲಿ. ಎಲೆಕ್ಟ್ರೋಲೈಟ್‌ನಲ್ಲಿ, ಅಂದರೆ ಸೆಲ್ಲಿನೊಳಗಿನ ದ್ರವದಲ್ಲಿ, ದ್ರಾವಕವಾಗಿರುವ ಈಥಿಲೀನ್ ಕಾರ್ಬೊನೇಟ್, ಚಾರ್ಜ್ ಆಗುತ್ತಾ ಗ್ರಾಫೈಟ್‌ನ ವೋಲ್ಟೇಜ್ ಇಳಿದು 0.8 ವೋಲ್ಟ್ ಹತ್ತಿರ ಬಂದಾಗಲೇ ಒಡೆಯಲು ಶುರುಮಾಡುತ್ತದೆ. ಅಂದರೆ ಅತಿಥಿ ಲಿಥಿಯಂ ಬರುವ ಮೊದಲೇ ದ್ರಾವಕ ಹಾಳಾಗಿರುತ್ತದೆ! ಬರೀ ಥರ್ಮೋಡೈನಮಿಕ್ಸ್ ನೋಡಿದರೆ ಈ ಬ್ಯಾಟರಿ ನಡೆಯಲೇ ಬಾರದು. ನಡೆಯುತ್ತದೆ, ಯಾಕಂದರೆ ಒಡೆದು ಬಂದ ಲಿಥಿಯಂ ಕಾರ್ಬೊನೇಟ್, ಲಿಥಿಯಂ ಫ್ಲೋರೈಡ್, ಒಂದಷ್ಟು ಸಾವಯವ ಲವಣಗಳು ಎಲ್ಲ ಸೇರಿ ಗ್ರಾಫೈಟ್ ಮೇಲೆ ಕೆಲವೇ ಹತ್ತು ನ್ಯಾನೋಮೀಟರ್ ದಪ್ಪದ ಪದರವಾಗಿ ಕೂರುತ್ತವೆ, ಆ ಪದರ ಲಿಥಿಯಂ ಅಯಾನನ್ನು ಒಳಗೆ ಬಿಡುತ್ತದೆ, ಎಲೆಕ್ಟ್ರಾನನ್ನು ಹೊರಗೆ ಬಿಡುವುದಿಲ್ಲ. ಎಲೆಕ್ಟ್ರಾನ್ ಸಿಗದಿದ್ದರೆ ದ್ರಾವಕ ಒಡೆಯುವುದು ಹೇಗೆ? ಲಿಥಿಯಂನಂಥ ಲೋಹಗಳ ಮೇಲಿನ ಪದರದ ಬಗ್ಗೆ 1979ರಲ್ಲಿ ಇಸ್ರೇಲಿನ ವಿಜ್ಞಾನಿ ಎಮಾನುಯೆಲ್ ಪೆಲೆಡ್ ಬರೆದದ್ದೂ ಇದನ್ನೇ.

ಈಗ ನನ್ನ ಮೆಚ್ಚಿನ ಕಥೆ. ಇದು ಶುರುವಾದರೆ ನನ್ನ ವಿದ್ಯಾರ್ಥಿಗಳು ಗಡಿಯಾರ ನೋಡುತ್ತಾರೆ.

ಆ ಕಾಲದಲ್ಲಿ ಲಿಥಿಯಂ ಬ್ಯಾಟರಿಯವರ ಅಚ್ಚುಮೆಚ್ಚಿನ ದ್ರಾವಕ ಪ್ರೊಪಿಲೀನ್ ಕಾರ್ಬೊನೇಟ್. ಲವಣ ಚೆನ್ನಾಗಿ ಕರಗುತ್ತದೆ, ಕಡು ಚಳಿಯಲ್ಲೂ ದ್ರವವಾಗಿಯೇ ಇರುತ್ತದೆ. ಇನ್ನೇನು ಬೇಕು, ಅಲ್ವಾ? ಆದರೆ ಗ್ರಾಫೈಟ್ ಜೊತೆ ಇಟ್ಟರೆ ಅನಾಹುತ. ದ್ರಾವಕವೂ ಲಿಥಿಯಂ ಜೊತೆಗೇ ಗ್ರಾಫೈಟ್ ಹಾಳೆಗಳ ನಡುವೆ ನುಗ್ಗುತ್ತದೆ, ಅಲ್ಲಿ ಒಡೆದು ಗ್ಯಾಸ್ ಬಿಡುತ್ತದೆ, ನೆನೆದ ಪ್ಲೈವುಡ್‌ನ ಹಾಗೆ ಗ್ರಾಫೈಟ್ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಚಾರ್ಜ್ ಮಾಡುತ್ತಲೇ ಇರಿ, ವೋಲ್ಟೇಜ್ ಕೆಳಗಿಳಿಯುವುದೇ ಇಲ್ಲ. ಗ್ರಾಫೈಟ್ ಇದಕ್ಕಾಗದು ಅಂತ ಜನ ಕೈಬಿಟ್ಟರು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಬ್ಯಾಟರಿಯಲ್ಲೂ ಇದ್ದದ್ದು ಗ್ರಾಫೈಟ್ ಅಲ್ಲ, ಕೋಕ್. ಅದರ ಹಾಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುವುದರಿಂದ ಸುಲಭಕ್ಕೆ ಬಿಚ್ಚುವುದಿಲ್ಲ. ಪಕ್ಕದಲ್ಲೇ ಈಥಿಲೀನ್ ಕಾರ್ಬೊನೇಟ್ ಇತ್ತು. ಪ್ರೊಪಿಲೀನ್ ಕಾರ್ಬೊನೇಟಿಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು, ಒಂದು ಕಾರ್ಬನ್ನು ಮೂರು ಹೈಡ್ರೋಜನ್! ಆದರೆ ಈಥಿಲೀನ್ ಕಾರ್ಬೊನೇಟ್ ಕರಗುವುದು ಸುಮಾರು 36 ಡಿಗ್ರಿಯಲ್ಲಿ, ಸಾಮಾನ್ಯ ಕೋಣೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಗಟ್ಟಿ ವಸ್ತುವನ್ನು ದ್ರಾವಕ ಅಂತ ಯಾರು ಆರಿಸಿಕೊಳ್ಳುತ್ತಾರೆ? 1990ರಲ್ಲಿ ಕೆನಡಾದ ಜೆಫ್ ಡಾನ್ ಮತ್ತು ಜೊತೆಗಾರರು ಇದು ಸೇರಿದರೆ ಗ್ರಾಫೈಟ್ ಬಿಚ್ಚಿಕೊಳ್ಳುವುದಿಲ್ಲ ಅಂತ ತೋರಿಸಿದರು. ಮೊದಲ ಚಾರ್ಜ್‌ನಲ್ಲಿ ಆಗುವ ನಷ್ಟ ಕಾರ್ಬನ್ನಿನ ಮೇಲ್ಮೈ ವಿಸ್ತೀರ್ಣಕ್ಕೆ ತಕ್ಕಷ್ಟಿರುತ್ತದೆ ಅಂತಲೂ ತೋರಿಸಿದರು. ನಷ್ಟಕ್ಕೊಂದು ಲೆಕ್ಕ ಸಿಕ್ಕಿತು.

ಲೆಕ್ಕ ಅಂದಾಗ ನನ್ನ ಹಳೇ ಪ್ರಶ್ನೆ: ಪದರಕ್ಕೆ ಬೇಕಾದ ಲಿಥಿಯಂ ಎಲ್ಲಿಂದ ಬಂತು? ಕ್ಯಾಥೋಡ್‌ನಿಂದ. ಸೆಲ್ ಮುಚ್ಚಿಯಾಗಿದೆ, ಮತ್ತೆ ತುಂಬುವ ದಾರಿಯಿಲ್ಲ. ಮೊದಲ ಚಾರ್ಜ್‌ನಲ್ಲೇ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ. ಅದಕ್ಕೇ ಫ್ಯಾಕ್ಟರಿಗಳಲ್ಲಿ ಫಾರ್ಮೇಷನ್ ಅಂತ ನಿಧಾನವಾಗಿ, ಕಡಿಮೆ ಕರೆಂಟಿನಲ್ಲಿ ಚಾರ್ಜ್ ಮಾಡಿ, ದಿನಗಟ್ಟಲೆ ಇಟ್ಟು ನೋಡುತ್ತಾರೆ. ಲೆಕ್ಕಪತ್ರದವರಿಗೆ ಇದು ಸುಮ್ನೆ ಜಾಗ ತಿನ್ನುವ ಕೆಲಸ. ಆದರೆ 2024ರಲ್ಲಿ ಸ್ಟ್ಯಾನ್‌ಫರ್ಡ್ ಕಡೆಯ ಸಂಶೋಧಕರು ಉಲ್ಟಾ ಮಾಡಿ ನೋಡಿದರು, ಮೊದಲ ಚಾರ್ಜನ್ನೇ ಜಾಸ್ತಿ ಕರೆಂಟಿನಲ್ಲಿ ಮುಗಿಸಿದರು. ಲಿಥಿಯಂ ನಷ್ಟ ಸುಮಾರು ಶೇ 30ಕ್ಕೆ ಏರಿತು, ಆದರೂ ಸೆಲ್‌ಗಳ ಆಯಸ್ಸು ಸರಾಸರಿ ಶೇ 50ರಷ್ಟು ಹೆಚ್ಚಿತು. ಶುರುವಿನಲ್ಲೇ ಅಷ್ಟು ಲಿಥಿಯಂ ಹೊರಬಂದಾಗ ಕ್ಯಾಥೋಡ್‌ನಲ್ಲಿ ಖಾಲಿ ಜಾಗ ಉಳಿಯುತ್ತದೆ, ಮುಂದೆ ಅದರ ಕೆಲಸ ಹಗುರಾಗುತ್ತದೆ ಅನ್ನುವುದು ಅವರ ವಿವರಣೆ. 'ನಷ್ಟಗಳು' ಸ್ಲೈಡಿನವರು ಇದನ್ನು ದಯವಿಟ್ಟು ಗಮನಿಸಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸರಿ ಸರ್, ಓಡಿಸುತ್ತೇನೆ.

ಪದರ ಒಮ್ಮೆ ಕಟ್ಟಿ ಸುಮ್ಮನಾಗುವುದಿಲ್ಲ, ನಿಧಾನವಾಗಿ ದಪ್ಪ ಆಗುತ್ತದೆ, ಹೆಚ್ಚು ಕಡಿಮೆ ಕಾಲದ ವರ್ಗಮೂಲದಂತೆ. ಬಿಸಿಯಲ್ಲಿ, ಪೂರ್ತಿ ಚಾರ್ಜ್ ಮಾಡಿ ಇಟ್ಟರೆ ಇನ್ನೂ ಬೇಗ. ಸಿಲಿಕಾನ್ ಆನೋಡ್‌ನ ಕಷ್ಟವೂ ಇದೇ, ಅದು ಲಿಥಿಯಂ ತುಂಬಿ ಊದಿದಾಗ ಗಾತ್ರ ಮೂರ್ನಾಲ್ಕು ಪಟ್ಟಾಗುತ್ತದೆ, ಪದರ ಬಿರುಕು ಬಿಡುತ್ತದೆ, ಬಿರುಕು ಮುಚ್ಚಲು ಮತ್ತೆ ಲಿಥಿಯಂ. ಎಲ್ಲಿಂದ? ನಿಮಗೆ ಗೊತ್ತು. ಎಲೆಕ್ಟ್ರೋಲೈಟ್‌ಗೆ ಎಫ್‌ಇಸಿ ಅನ್ನುವ ಫ್ಲೋರಿನ್ ಇರುವ ಕಾರ್ಬೊನೇಟ್ ಸೇರಿಸಿದರೆ ಸ್ವಲ್ಪ ತಾಳುತ್ತದೆ. ಕ್ಯಾಥೋಡ್‌ನ ಮ್ಯಾಂಗನೀಸ್ ಕರಗಿ ಬಂದು ಪದರ ಕೆಡಿಸುವ ಕಥೆಯನ್ನು ಬಿಟ್ಟೇಬಿಡುತ್ತೇನೆ. ಸುರಕ್ಷತೆ ಬಗ್ಗೆ ಒಂದೇ ಮಾತು: ಸೆಲ್ ಅತಿಯಾಗಿ ಕಾದಾಗ ಮೊದಲು ಒಡೆಯುವುದರಲ್ಲಿ ಈ ಪದರವೂ ಒಂದು, ಸುಮಾರು 80ರಿಂದ 120 ಡಿಗ್ರಿಯ ನಡುವೆ, ಒಡೆಯುವಾಗ ತಾನೂ ಶಾಖ ಬಿಡುತ್ತದೆ. ಕ್ಯಾಥೋಡ್ ಮೇಲಿನ ಪದರದ ಬಗ್ಗೆ ಕೇಳುವವರು ಚಹಾ ವಿರಾಮದಲ್ಲಿ ಸಿಗಿ, ಅಲ್ಲಿ ಚೀಟಿ ಕಳಿಸುವವರು ಇರುವುದಿಲ್ಲ.